ಹಗ್ಗ ಹಿಡಿದವನ ಉಸಿರು

ಬಾವಿಯಲ್ಲಿ ಸತ್ತವನನ್ನು ಧೈರ್ಯವಂತ ಎಂದು ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನ ಜೊತೆಗಾರ ಧೈರ್ಯವಂತನಲ್ಲ, ಮಹಾ ಪುಕ್ಕಲ. ಪುಕ್ಕಲನಾಗಿದ್ದರಿಂದಲೇ ಅಷ್ಟು ವರ್ಷ ನೀರಿನಡಿ ಕೆಲಸ ಮಾಡಿಯೂ ಬದುಕಿದ್ದ.

ಎಪ್ಪತ್ತರ ದಶಕದ ಕೊನೆಯಲ್ಲಿ ತುಮಕೂರಿನಲ್ಲಿ ನಮ್ಮಿಬ್ಬರದೂ ಪಂಪ್‌ಸೆಟ್ ರಿಪೇರಿ. ಅವನು ಮೋಟರ್ ವೈಂಡಿಂಗ್ ಮಾಡುತ್ತಿದ್ದ, ನಾನು ಫಿಟಿಂಗ್. ಆಗ ತೆರೆದ ಬಾವಿಗಳ ಕಾಲ. ನೀರು ಕೆಳಕ್ಕಿಳಿದಂತೆಲ್ಲ ರೈತರು ಬಾವಿಯ ಗೋಡೆಯಲ್ಲೇ ಗುಹೆಯಂಥ ಗೂಡು ಕೊರೆಸಿ ಅದರೊಳಗೆ ಮೋಟರ್ ಕೂರಿಸುತ್ತಿದ್ದರು. ಜೋರು ಮಳೆ ಬಂದರೆ ಮುಗಿಯಿತು, ನೀರು ಏರಿ ಗೂಡೂ ಮೋಟರೂ ಒಟ್ಟಿಗೆ ಮುಳುಗುತ್ತಿದ್ದವು. ಆಗ ನಮಗೆ ಕರೆ. ಫ್ಯೂಸ್ ಕಿತ್ತು ದಂಡೆಯ ಮೇಲಿನವನ ಕೈಗೆ ಕೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿ ಮುಳುಗಬೇಕು. ಗೂಡಿನೊಳಗೆ ನುಗ್ಗಿದರೆ ಕೆಸರೆದ್ದು ಏನೂ ಕಾಣುವುದಿಲ್ಲ. ತಡವಿ ತಡವಿ ನಟ್ಟು ಬಿಚ್ಚಿ, ಮೋಟರಿಗೆ ಸರಪಳಿ ಸಿಕ್ಕಿಸಿ ಬರಬೇಕು. ಒಂದು ಮೋಟರಿಗೆ ಎಷ್ಟೋ ಸಲ ಮುಳುಗಬೇಕಾಗುತ್ತಿತ್ತು.

ಹೆಚ್ಚಾಗಿ ಇಳಿಯುತ್ತಿದ್ದವನು ಅವನೇ. ನಾನು ಹಗ್ಗ ಹಿಡಿಯುತ್ತಿದ್ದೆ. ಅದಕ್ಕೊಂದು ಕಟ್ಟಳೆ ಇತ್ತು. ಕೆಳಗಿನವನು ಮುಳುಗಿದ ಕ್ಷಣಕ್ಕೇ ಮೇಲಿನವನೂ ಉಸಿರು ಕಟ್ಟಬೇಕು. ತನಗೆ ತಡೆಯಲಾಗದಾಗ ಹಗ್ಗ ಜಗ್ಗಬೇಕು. ಜಗ್ಗಿದ ಮೇಲೆ ಕೆಳಗಿನವನು ನಟ್ಟು ಅರ್ಧ ತಿರುಗಿದ್ದರೂ ಅಲ್ಲೇ ಬಿಟ್ಟು ಬರಬೇಕು. ಒಮ್ಮೆ ನಾನು ಕೈಗಡಿಯಾರ ನೋಡಿಕೊಳ್ಳುತ್ತೇನೆ ಎಂದಾಗ ಗದರಿದ್ದ.

"ಗಡಿಯಾರಕ್ಕೇನ್ಲಾ, ಎದೆ ಉರಿತದಾ?"

ಅವನ ಉಸಿರಿನ ಮುಂದೆ ನನ್ನದು ಏನೂ ಅಲ್ಲ. ನಾನು ಬೀಡಿ ಸೇದಿ ಸೇದಿ ಎದೆ ಕೆಡಿಸಿಕೊಂಡವನು. ಬೇಗ ಜಗ್ಗಿಬಿಡುತ್ತಿದ್ದೆ. ಅವನು ಮೇಲೆ ಬಂದು, ಬಾವಿಯ ಮೆಟ್ಟಿಲಿಗೆ ಒರಗಿ ನಗುತ್ತಿದ್ದ. "ಬೀಡಿ ಮಾತ್ರ ಬುಡಬ್ಯಾಡ ಕಣ್ಲಾ. ನಿನ್ ಎದೆ ಗಟ್ಟಿಯಾದ್ರೆ ನಾನ್ ಸಾಯ್ತೀನಿ." ತಮಾಷೆ ಎಂದುಕೊಂಡು ನಾನೂ ನಗುತ್ತಿದ್ದೆ.

ನಾನೂ ಆಗಾಗ ಇಳಿದಿದ್ದೇನೆ, ಹಾಗಾಗಿ ಗೊತ್ತು. ಕೆಳಗೆ ಭಯವಾಗುವುದಿಲ್ಲ, ಅದೇ ಅಪಾಯ. ಮೊದಲ ಉರಿ ದಾಟಿದ ಮೇಲೆ ಎದೆ ತಣ್ಣಗಾಗುತ್ತದೆ. ಸ್ಪ್ಯಾನರ್ ನಟ್ಟನ್ನು ಕಚ್ಚಿರುತ್ತದೆ. ಇನ್ನೊಂದೇ ಸುತ್ತು ಎನಿಸುತ್ತದೆ. ಅಲ್ಲಿ ಬುದ್ಧಿಯನ್ನು ನಂಬುವ ಹಾಗಿಲ್ಲ, ಹಗ್ಗವನ್ನಷ್ಟೇ ನಂಬಬೇಕು.

ಆ ದಿನ ನಾನು ಗುಬ್ಬಿಯ ನಮ್ಮ ಮನೆಯಲ್ಲಿದ್ದೆ. ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಕುಣಿಗಲ್ ಕಡೆಯ ಕೊತ್ತಗೆರೆಯಿಂದ ತುರ್ತಾಗಿ ಕರೆ ಬಂತೆಂದು ಅವನೊಬ್ಬನೇ ಹೋಗಿದ್ದ. ಗಂಡಿನವರು ಉಪ್ಪಿಟ್ಟು ತಿನ್ನುತ್ತಿರುವಾಗ ನಮ್ಮ ಅಂಗಡಿಯ ಪಕ್ಕದವನು ಬಾಗಿಲಲ್ಲಿ ಬಂದು ನಿಂತ. ಅವನ ಮುಖ ನೋಡಿಯೇ ನಾನು ಚಪ್ಪಲಿ ಮೆಟ್ಟಿದೆ.

ಕೊತ್ತಗೆರೆಯ ಆ ಬಾವಿಯ ಸುತ್ತ ಜನ ಮುತ್ತಿಕೊಂಡಿದ್ದರು. ಮಧ್ಯೆ ಒಬ್ಬ ದೊಡ್ಡ ಆಳು ಕುಳಿತು ಮಕ್ಕಳ ಹಾಗೆ ಅಳುತ್ತಿದ್ದ. ಆ ತೋಟದ ಮಾಲೀಕನ ತಮ್ಮ ಎಂದರು, ಗರಡಿಯಲ್ಲಿ ಪಳಗಿದ ಪೈಲ್ವಾನ. ಹಗ್ಗ ಹಿಡಿದವನು ಅವನೇ.

"ನಾನು ಕಟ್ಟಳೆ ತಪ್ಪಲಿಲ್ಲ ಕಣಣ್ಣ. ಕಣ್ ಕತ್ಲೆ ಬರೋಗಂಟ ಉಸ್ರು ಬುಡ್ಲೇ ಇಲ್ಲ. ಆಮೇಲೆ ಜಗ್ಗಿದ್ರೆ ಹಗ್ಗ ಬರ್ನಿಲ್ಲ."

ಅವನಿಗೆ ಹೊಡೆಯಬೇಕೆನಿಸಿತು. ಯಾವ ತಪ್ಪಿಗೆ ಹೊಡೆಯಲಿ? ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದ. ಹಗ್ಗ ಹಿಡಿಯುವವನ ಎದೆ ಕೆಳಗಿನವನ ಎದೆಗಿಂತ ಸೋತಿರಬೇಕು ಎಂಬುದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ನನಗೂ ಅದು ಹೊಳೆದದ್ದು ಅಲ್ಲಿ ನಿಂತಾಗಲೇ.

ಅಷ್ಟರಲ್ಲಿ ತುಮಕೂರಿನಿಂದ ನನ್ನ ಜೊತೆಗಾರನ ಅಪ್ಪ ಬಂದರು, ಜೊತೆಗೆ ನೆಂಟರು. ಪಾತ್ರೆಗಳಿಗೆ ಕಲಾಯಿ ಹಾಕಿ ಹಾಕಿ, ಹೊಗೆ ಕುಡಿದು ಉಬ್ಬಸ ಹಿಡಿದಿದ್ದ ಜೀವ. ಹೆಣ ಇನ್ನೂ ನೀರಿನಡಿಯೇ ಇತ್ತು; ಮೇಲೆತ್ತಿ ಸಂಜೆಯೊಳಗೆ ಮಣ್ಣು ಮಾಡಬೇಕು ಎಂದು ನೆಂಟರು ಅವಸರಪಡುತ್ತಿದ್ದರು. ನಾನು ಅಂಗಿ ಬಿಚ್ಚಿ ಸೊಂಟಕ್ಕೆ ಬೇರೊಂದು ಹಗ್ಗ ಕಟ್ಟಿಕೊಂಡೆ. ಪೈಲ್ವಾನ ಹಗ್ಗಕ್ಕೆ ಕೈ ಹಾಕಿದ. ಮುದುಕರು ಅವನ ಕೈಯಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡರು.

"ನಾನ್ ಹಿಡಿತೀನಿ. ನನ್ ಮಗ ಎಲ್ಲಾ ಹೇಳವ್ನೆ."

ಮುಳುಗಿದೆ. ಗೂಡಿನ ಬಾಯಿ ಸಿಗುವ ಮೊದಲೇ ಹಗ್ಗ ಎಳೆಯಿತು. ಮೇಲೆ ಬಂದರೆ ಮುದುಕರು ಗೊರ ಗೊರ ಎನ್ನುತ್ತ ಏದುಸಿರು ಬಿಡುತ್ತಿದ್ದರು. ಮತ್ತೆ ಮುಳುಗಿದೆ, ಮತ್ತೆ ಎಳೆದರು. ದಂಡೆಯಲ್ಲಿ ಯಾರೋ, ಬೇರೆಯವರಿಗೆ ಕೊಡಿ ಸಾಬ್ರೇ, ಎಂದರು. ಅವರು ಕೊಡಲಿಲ್ಲ.

ಮುಂದಿನ ಸಲ ಜೋರಾಗಿ ಕಾಲು ಬಡಿದು ಗೂಡಿನೊಳಗೆ ಕೈ ಹಾಕಿದೆ. ಅವನ ಪಾದ ಸಿಕ್ಕಿತು. ತಣ್ಣಗಿತ್ತು. ಪಾದದ ಪಕ್ಕದಲ್ಲೇ ಅವನ ಹಗ್ಗ, ಪಂಪಿನ ಬುಡಕ್ಕೆ ಸಿಕ್ಕಿ ಬಿಗಿದುಕೊಂಡಿತ್ತು. ಬಿಡಿಸಿದರೆ ಬಂದುಬಿಡುತ್ತಾನೆ. ಇನ್ನೊಂದೇ ಕ್ಷಣ ಸಾಕು ಎನಿಸಿತು. ಆಗಲೇ ಮುದುಕರು ಜಗ್ಗಿದರು. ಜೀವಮಾನದಲ್ಲಿ ಯಾವ ಕೆಲಸವೂ ನನಗೆ ಅಷ್ಟು ಕಷ್ಟವಾಗಿಲ್ಲ. ಆ ಪಾದ ಬಿಟ್ಟು ಮೇಲೆ ಬಂದೆ.

"ಕೈಗೆ ಸಿಕ್ಕಿದ್ದ ಚಾಚಾ. ಹಗ್ಗ ಸಿಗಾಕೊಂಡದೆ, ಅಷ್ಟೇ. ಇನ್ನೊಂದ್ಸಲ ಬುಡಿ, ತರ್ತೀನಿ."

ಅವರು ನನ್ನ ಸೊಂಟದ ಗಂಟಿಗೆ ಕೈ ಹಾಕಿದರು. ಒದ್ದೆ ಗಂಟು ಬೇಗ ಬಿಚ್ಚಲಿಲ್ಲ. ಬಿಚ್ಚಿದ ಮೇಲೆ, "ಸಾಕು ಬೇಟಾ," ಎಂದರು. "ಇಂಜಿನ್ ತಂದು ನೀರು ಖಾಲಿ ಮಾಡ್ಸೋಣ. ನನ್ ಮಗ ಕಾಯ್ತಾನೆ. ಅವ್ನಿಗೆ ಇನ್ನೇನೂ ಆಗಲ್ಲ."

ನೆಂಟರು ಗೊಣಗಿದರು. ಮುದುಕರು ಹಗ್ಗವನ್ನು ಸುತ್ತಿ ಅದರ ಮೇಲೆ ಕೂತುಬಿಟ್ಟರು. ಸುತ್ತಲ ತೋಟಗಳಿಂದ ಡೀಸೆಲ್ ಇಂಜಿನ್‌ಗಳು ಗಾಡಿಯ ಮೇಲೆ ಬಂದವು. ಮಾರನೆಯ ದಿನ ಬೆಳಗ್ಗೆ ಗೂಡು ಕಂಡಿತು. ಅವನ ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು. ಒಂದೇ ಒಂದು ನಟ್ಟು ಉಳಿದಿತ್ತು, ಅದೂ ಮುಕ್ಕಾಲು ಬಿಚ್ಚಿತ್ತು. ಪೈಲ್ವಾನನೇ ಅವನನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿದ. ನಾನು ಹಿಂದೆ ಅಳುತ್ತಾ ಬಂದೆ.

ಆಮೇಲೆ ನಾನು ಬಾವಿಗೆ ಇಳಿಯಲಿಲ್ಲ. ಬೀಡಿಯನ್ನೂ ಬಿಟ್ಟೆ, ಯಾರಿಗಾಗಿ ಸೇದಲಿ? ಒಂದು ಮಾತ್ರ ತಲೆಯಿಂದ ಹೋಗಿಲ್ಲ. ಆ ದಿನ ಅವನ ಪಾದ ಹಿಡಿದಾಗ ನನ್ನಲ್ಲಿ ಇನ್ನೂ ಉಸಿರಿತ್ತು, ಹಗ್ಗ ಬಿಡಿಸಿ ತರುವಷ್ಟು ಧಾರಾಳವಾಗಿಯೇ ಇತ್ತು ಎಂದು ಇವತ್ತಿಗೂ ನನಗೆ ಅನಿಸುತ್ತದೆ. ಆ ಕೊನೆಯ ನಟ್ಟು ತಿರುಗಿಸುವಾಗ ಅವನಿಗೂ ಹಾಗೇ ಅನಿಸಿರಬೇಕು.