ಕ್ನಿಖ್ತ್ ವಾದ್ಯಾರು

ಸೇಲಂನ ನಮ್ಮ ನೇಕಾರರ ಬೀದಿಯಿಂದ ಮದರಾಸಿಗೆ ಹೋಗಿ ಇಂಗ್ಲಿಷ್ ಆನರ್ಸ್ ಮುಗಿಸಿ ಬಂದವನು ಒಬ್ಬನೇ, ನನ್ನ ಚಿಕ್ಕಪ್ಪನ ಮಗ ಮುನುಸ್ವಾಮಿ. ಒಬ್ಬನೇ ಆದದ್ದು ಬೀದಿಯ ಪುಣ್ಯ.

ಓದಿದ್ದಾದರೂ ಏನು? ತಾಲ್ಲೂಕು ಕಚೇರಿಗೆ ಅರ್ಜಿ ಬರೆಯಲು ಬರುವ ಇಂಗ್ಲಿಷಲ್ಲ. ಆರುನೂರು ವರ್ಷದ ಹಿಂದೆ ಸತ್ತ ಬಿಳಿಯರ ಹಳೇ ಪದ್ಯಗಳು. ಆಗಿನವರು ಬರೆದ ಅಕ್ಷರವನ್ನೆಲ್ಲ ಬಾಯಲ್ಲೂ ನುಡಿಯುತ್ತಿದ್ದರಂತೆ, ಈಗಿನವರು ಸೋಮಾರಿಗಳಾಗಿ ನುಂಗಿಬಿಟ್ಟರಂತೆ. ಕುದುರೆ ಏರಿದ ವೀರನಿಗೆ ‘ನೈಟ್’ ಅನ್ನುವುದು ತಪ್ಪು, ‘ಕ್ನಿಖ್ತ್’ ಅನ್ನಬೇಕೆಂದು ಜಗಲಿಯ ಮೇಲೆ ಕುಳಿತು ಗಂಟಲು ಕೆರೆದು ತೋರಿಸುವನು. ಕಫ ಕಟ್ಟಿತೇನೋ ಎಂದು ಅವನ ತಾಯಿ ಚೆಲ್ಲಮ್ಮ ಶುಂಠಿ ಕಷಾಯ ತರುವಳು.

“ಒಳಿಕ್ಕೆ ಓಗಪ್ಪಾ, ತಣ್ಣಗ್ ಗಾಳಿ ಐತೆ.”

“ಓಗು ಅಲ್ಲಮ್ಮ, ಹೋಗು. ಅಕ್ಷರ ನುಂಗಬೇಡ.”

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಇದ್ದಷ್ಟು ಹಿಟ್ಟನ್ನೂ ತರುತ್ತಿದ್ದವಳು ಅವಳೇ. ಗಂಡ ಸತ್ತ ಮೇಲೆ ರಾಟೆ ತಿರುಗಿಸಿ, ಬೇರೆಯವರ ಮಗ್ಗಗಳಿಗೆ ನೂಲು ಸುತ್ತಿಕೊಟ್ಟು ಇವನನ್ನು ಓದಿಸಿದ್ದಳು. ತಿರುಗಿಸಿ ತಿರುಗಿಸಿ ಬಲಭುಜ ಹಿಡಿದುಕೊಂಡು ಸೆರಗು ಹೊದೆಯಲೂ ಕಷ್ಟಪಡುತ್ತಿದ್ದಳು.

ಮೂವತ್ತಾರನೇ ಇಸವಿಯಲ್ಲಿ ಓಮಲೂರಿನ ಒಂದು ಶಾಲೆಯಲ್ಲಿ ಮುನುಸ್ವಾಮಿಗೆ ತಾತ್ಕಾಲಿಕವಾಗಿ ವಾದ್ಯಾರ ಕೆಲಸ, ಅಂದರೆ ಮೇಷ್ಟರ ಕೆಲಸ, ಸಿಕ್ಕಿತು. ಇನ್ಸ್‌ಪೆಕ್ಟರ್ ದೊರೆ ಬಂದು ಪಾಠ ಕೇಳಿ ಒಪ್ಪಿದರೆ ಖಾಯಂ. ಕೆಲಸಕ್ಕೆ ‘ವೇಲೆ’ ಅನ್ನುವುದು ನಮ್ಮ ಬೀದಿಯ ಮಾತು; ಮಗನ ವೇಲೆ ಖಾಯಂ ಆದಂದೇ ರಾಟೆಯನ್ನು ಒಲೆಗೆ ಹಾಕುತ್ತೇನೆಂದು ಚೆಲ್ಲಮ್ಮ ಬೀದಿಗೆಲ್ಲ ಹೇಳಿಕೊಂಡಳು.

ದೊರೆ ಬಂದ. ಮುಂದಿನದನ್ನು ನನಗೆ ಹೇಳಿದವರು ಆ ಶಾಲೆಯ ಹೆಡ್‌ಮಾಸ್ಟರು. ಪಾಠದಲ್ಲಿ ಅದೇ ಕುದುರೆ ವೀರನ ಕಥೆ. ಹುಡುಗರು ಒಟ್ಟಾಗಿ “ಕ್ನಿಖ್ತ್! ಕ್ನಿಖ್ತ್!” ಎಂದು ಅರಚಿದರು. ದೊರೆ ನಕ್ಕ. “ಹುಡುಗರು ಎಡವಿದರು, ನೀವೇ ಸರಿಯಾಗಿ ಓದಿ” ಎಂದ. ತಪ್ಪಿಸಿಕೊಳ್ಳಲು ಅಷ್ಟು ದೊಡ್ಡ ಬಾಗಿಲು ತೆರೆದಿಟ್ಟ. ಅವನ ಬೆನ್ನ ಹಿಂದಿನಿಂದ ಹೆಡ್‌ಮಾಸ್ಟರು ಕೈಸನ್ನೆ ಮಾಡಿದ್ದೇ ಮಾಡಿದ್ದು. ನಮ್ಮ ಮಹಾಶಯ ಎದೆ ಸೆಟೆಸಿ, “ತಪ್ಪು ಹುಡುಗರದ್ದಲ್ಲ, ನಿಮ್ಮ ಜನರದ್ದು” ಎಂದು ಶುರುಮಾಡಿ, ಯಾವ ಅಕ್ಷರ ಯಾವಾಗ ಸತ್ತಿತೆಂದು ಆ ದೊರೆಗೇ ಪಾಠ ಹೇಳಿದ. ಕೇಳುವಷ್ಟು ಕೇಳಿ ದೊರೆ ಎದ್ದ. “ಈ ಮನುಷ್ಯನಿಗೆ ಇಂಗ್ಲಿಷ್ ಬರುವುದಿಲ್ಲ” ಎಂದ. ಅಲ್ಲಿಗೆ ಕೆಲಸ ಹೋಯಿತು.

ಬಿಳಿಯನಿಗೆ ಎದುರು ನಿಂತ ಧೀರ ಎಂದು ಬೀದಿಯ ಕೆಲವರು ಇವನಿಗೆ ಗಾಂಧಿ ಟೋಪಿ ತೊಡಿಸಲು ಬಂದರು. ಥೂ! ಸ್ವರಾಜ್ಯಕ್ಕಾಗಿ ಎದುರಾಡಿದ್ದರೆ ನಾನೇ ಹಾರ ಹಾಕುತ್ತಿದ್ದೆ. ಇವನು ಎದುರಾಡಿದ್ದು ಅದೇ ಬಿಳಿಯರ ಮುತ್ತಜ್ಜಂದಿರ ಪರವಾಗಿ. ಓದಿ ಓದಿ ಮರುಳಾದ ಕೂಚುಭಟ್ಟನೂ ಹೆತ್ತವಳ ಭುಜವನ್ನು ಒಮ್ಮೆ ನೆನೆಯುತ್ತಿದ್ದನೇನೋ.

ಸಂಜೆ ಬಸ್ಸಿಳಿದು ಮನೆಗೆ ಬಂದವನು ತಾಯಿಗೆ ಎಲ್ಲ ಹೇಳಿದ. ತಲೆ ತಗ್ಗಿಸಿಯಲ್ಲ, ಗೆದ್ದು ಬಂದವನ ಹಾಗೆ.

“ಆ ದೊರೆಗೆ ಅವನ ಭಾಷೆಯೇ ಗೊತ್ತಿಲ್ಲಮ್ಮ.”

ಚೆಲ್ಲಮ್ಮ ಅಳಲಿಲ್ಲ. “ಗೊತ್ತಿಲ್ದಿದ್ರೂ ಅವ್ನಿಗೆ ವೇಲೆ ಐತಲ್ಲಪ್ಪಾ” ಎಂದಳು. “ಎಲ್ಲಾ ಗೊತ್ತಿರೋ ನಿಂಗೆ ಏನೈತೆ?”

ಉತ್ತರಕ್ಕೆ ಕಾಯದೆ ರಾಟೆಯ ಮುಂದೆ ಕುಳಿತಳು. ಬಲಗೈ ಏಳಲಿಲ್ಲ. ಪಕ್ಕಕ್ಕೆ ಸರಿದು ಎಡಗೈಯಿಂದ ತಿರುಗಿಸತೊಡಗಿದಳು. ಸದ್ದಿಗೆ ಓದು ಕೆಡುತ್ತದೆಂದು ಮುನುಸ್ವಾಮಿ ಪುಸ್ತಕ ತೆಗೆದುಕೊಂಡು ಜಗಲಿಗೆ ಹೋದ.