ಡಾಕ್ಟರ ಕಾರು ಹಸಿರಾಗಿತ್ತೆ?

‘ತಾವು ಬರೆದ ಡಾಕ್ಟರ ಕಾರು ಹಸಿರಲ್ಲ ಸ್ವಾಮಿ, ಕಪ್ಪು. ನಮ್ಮ ಮನೆ ಹಿಂದೆಯೇ ನಿಂತಿದೆ. ಬೇಕಾದರೆ ಬಂದು ನೋಡಿ. ಬೇಕೇ ಬೇಕಾದರೆ ಕೊಂಡುಕೊಳ್ಳಿ.’

ಪೋಸ್ಟ್‌ಕಾರ್ಡಿನಲ್ಲಿ ಇದ್ದದ್ದು ಇಷ್ಟೇ. ಕೆಳಗೆ ಸಹಿ: ತಿಪ್ಪೇಸ್ವಾಮಿ, ಜವನಗೊಂಡನಹಳ್ಳಿ.

ತಪ್ಪು ನನ್ನದೇ. ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ನನ್ನ ಮೊದಲ ಕಾರು ಸವಾರಿಯ ಬಗ್ಗೆ ಬರೆದಿದ್ದೆ. ಅಪ್ಪ ಆಗ ಜವನಗೊಂಡನಹಳ್ಳಿಯಲ್ಲಿ ಶಾಲೆ ಮೇಷ್ಟರು. ನನಗೆ ಆರು ವರ್ಷ, ಮೈ ಸುಡುವ ಜ್ವರ. ಹಿರಿಯೂರಿನ ಡಾಕ್ಟರು ತಮ್ಮ ಹಸಿರು ಕಾರಿನಲ್ಲಿ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ಮಲಗಿದ್ದೆ. ಸೀಟಿನ ಚರ್ಮದಲ್ಲಿ ಒಂದು ತೂತಿತ್ತು, ದಾರಿಯುದ್ದಕ್ಕೂ ಅದರಲ್ಲಿ ಬೆರಳು ಹಾಕಿ ನಾರು ಕೀಳುತ್ತಿದ್ದೆ. ಹೀಗೆಲ್ಲ ಬರೆದಿದ್ದೆ.

ಬರೆಯದೆ ಬಿಟ್ಟದ್ದು ಒಂದಿತ್ತು. ಮರುವರ್ಷ ಅಮ್ಮ ತೀರಿಕೊಂಡಳು. ಮನೆಯಲ್ಲಿ ಅವಳ ಒಂದು ಫೋಟೋ ಕೂಡ ಇಲ್ಲ. ಅವಳ ಮುಖ ನನಗೆ ಕಾಣುವುದು ಆ ಕಾರಿನಲ್ಲಿ ಮಾತ್ರ. ಕೆಳಗಿನಿಂದ ನೋಡಿದ ಗಲ್ಲ, ಮೂಗುಬೊಟ್ಟು, ಸುತ್ತಲೂ ಹಸಿರು ಬೆಳಕು.

ಈಗ ಕಾರು ಹಸಿರಲ್ಲ ಎಂದರೆ? ಆ ಮುಖ ಯಾರದು?

ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವವನು. ‘ನೆನಪು ಅಂದರೆ ಸಾಕ್ಷಿಯಲ್ಲ, ವಕೀಲ’ ಎಂದು ಪ್ರತಿವರ್ಷ ಹುಡುಗರಿಗೆ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಈ ಸಲ ನಾನೂ ಬರೆದುಕೊಂಡೆ. ಕಾರನ್ನು ನೋಡುವ ಮೊದಲೇ ನನಗೆ ನೆನಪಿದ್ದುದನ್ನೆಲ್ಲ ಒಂದು ಹಾಳೆಯಲ್ಲಿ ಇಳಿಸಿ, ಕವರಿನಲ್ಲಿಟ್ಟು ಅಂಟಿಸಿ, ಹೆಂಡತಿಯ ಕೈಗೆ ಕೊಟ್ಟೆ. ನೋಡಿ ಬಂದ ಮೇಲೆ ನೆನಪನ್ನು ತಿದ್ದುವ ಚಾಳಿ ನನಗಿರಬಹುದಲ್ಲ?

‘ಕಾರು ಕೊಂಡೆ ಅಂತ ಮಾತ್ರ ಬರಬೇಡಿ’ ಎಂದಳು ಸರೋಜ. ‘ಇರೋ ಸೈಕಲ್ಲಿಗೆ ಗಾಳಿ ಹೊಡೆಸೋಕೆ ನಿಮಗೆ ಪುರುಸೊತ್ತಿಲ್ಲ.’

ಭಾನುವಾರ ಬೆಳಿಗ್ಗೆ ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಮೆಕ್ಯಾನಿಕ್ ಬಾಷಾ ಸಾಬರನ್ನು ಜೊತೆಗೆ ಹಾಕಿಕೊಂಡೆ. ಲಾರಿ, ಜೀಪು, ಅಂಬಾಸಿಡರು ಎಲ್ಲವನ್ನೂ ಇಂಜಿನ್ನಿನ ಕೆಮ್ಮಿನಿಂದಲೇ ಗುರುತಿಸುವ ಮನುಷ್ಯ. ಹಿರಿಯೂರು ದಾಟುವವರೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಗಾಡಿ ಪೂರಾ ಐತಾ ಸಾರ್?’

ಪೂರಾ ಇರಲಿಲ್ಲ.

ತಿಪ್ಪೇಸ್ವಾಮಿ ನನ್ನದೇ ವಯಸ್ಸಿನವರು, ಹೊಲ ಮಾಡಿಕೊಂಡಿದ್ದಾರೆ. ಅವರ ತಂದೆ ಆ ಡಾಕ್ಟರ ಡ್ರೈವರಾಗಿದ್ದರಂತೆ. ವರ್ಗವಾಗಿ ಹೊರಟಾಗ ಡಾಕ್ಟರು ಕಾರನ್ನು ಡ್ರೈವರಿಗೇ ಬಿಟ್ಟುಹೋದರಂತೆ. ‘ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ’ ಎಂದು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ನಂತರ ಹಿತ್ತಲಿಗೆ ಕರೆದೊಯ್ದರು.

ಹುಣಸೆಮರದ ಕೆಳಗೆ, ಕಲ್ಲುಗಳ ಮೇಲೆ, ಅದು. ಹೆಸರಿನ ಬಿಲ್ಲೆ ಯಾವಾಗಲೋ ಬಿದ್ದುಹೋಗಿದೆ. ಬಾನೆಟ್ಟಿದೆ, ಸ್ಟಿಯರಿಂಗ್ ಇದೆ, ಇಂಜಿನ್ನಿದೆ. ರೇಡಿಯೇಟರಿಲ್ಲ, ಮುಂದಿನ ಗಾಜಿಲ್ಲ, ಮೇಲಿನ ಕ್ಯಾನ್ವಾಸ್ ಟಾಪಿಲ್ಲ. ಹಿಂದಿನ ಚಕ್ರಗಳಿಲ್ಲ.

‘ಚಕ್ರ ಎಲ್ಲಿ?’

‘ಅಗೋ, ಎತ್ತಿನ ಗಾಡಿಲಿ ಅವೆ. ಓಡ್ತಾ ಅವೆ. ಇದರಾಗೆ ಸುಮ್ನೆ ಕುಂತಿದ್ವು.’

‘ಹಾರನ್ನು?’

‘ಅದು ನಮ್ಮ ಭಾವನ ಹತ್ರ ಐತೆ, ಕುರಿ ಕಾಯಾಕೆ. ರಸ್ತೆ ದಾಟಿಸುವಾಗ ಎಲ್ಲ ಲಾರಿಯೋರೂ ಕುರಿಗೆ ಹಾರನ್ ಹೊಡೀತಾರೆ. ನಮ್ಮ ಭಾವ ಲಾರಿಗೆ ಹೊಡೀತಾನೆ.’

ಬಾಷಾ ಸಾಬರು ಕಾರನ್ನು ಒಂದು ಸುತ್ತು ಬಂದರು. ‘ಇದು ಕಾರಲ್ಲ ಸಾರ್. ಕಾರಿನ ಅಡ್ರೆಸ್ಸು.’

ಆದರೂ ಬಾನೆಟ್ಟು ಎತ್ತಿದರು. ಮುಂಭಾಗದಲ್ಲಿ ಸ್ಟಾರ್ಟಿಂಗ್ ಹ್ಯಾಂಡಲ್ ಹಾಕಿ ತಿರುಗಿಸಿದರು. ಅಲ್ಲಾಡಲಿಲ್ಲ. ಇಂಜಿನ್ ಜಾಮ್. ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಿಗೆ ಸೀಮೆಎಣ್ಣೆ ಸುರಿದರು. ‘ಊಟ ಆಗ್ಲಿ, ಆಮೇಲೆ ನೋಡಾಣ. ಅಲ್ಲಾಡಿದ್ರೆ ಜೀವ ಐತೆ. ಇಲ್ಲಾಂದ್ರೆ ಇದನ್ನ ಹುಣಸೆಮರಕ್ಕೇ ಬಿಡಾಣ.’ ನಂತರ ಸ್ಕ್ರೂಡ್ರೈವರಿನಿಂದ ಬಾಗಿಲನ್ನು ಕೆರೆದರು. ಮೇಲೆ ಕಪ್ಪು. ಅದರ ಕೆಳಗೆ ಹಳೇ ಕಪ್ಪು. ಅದರ ಕೆಳಗೆ ಪ್ರೈಮರಿನ ಕೆಂಪು. ಅದರ ಕೆಳಗೆ ಕಬ್ಬಿಣ.

ನಾಲ್ಕು ಕಡೆ ಕೆರೆಸಿದೆ. ಎಲ್ಲೂ ಹಸಿರಿಲ್ಲ.

ಹಾಳೆಯ ಮೊದಲ ಸಾಲು ಬಿತ್ತು. ಇನ್ನು ಉಳಿದದ್ದು ಸೀಟು. ಒಳಗೆ ಇಣುಕಿದರೆ ಸೀಟಿನ ಜಾಗದಲ್ಲಿ ಕೋಳಿ ಕಾವಿಗೆ ಕೂತಿದೆ!

‘ಹಿಂದಿನ ಸೀಟು ಏನಾಯ್ತು?’

ತಿಪ್ಪೇಸ್ವಾಮಿ ನನ್ನನ್ನು ವಿಚಿತ್ರವಾಗಿ ನೋಡಿದರು. ‘ಇಷ್ಟೊತ್ತು ಯಾತರ ಮ್ಯಾಲೆ ಕುಂತಿದ್ರಿ?’

ಜಗಲಿಗೆ ಓಡಿದೆ. ಹೌದು. ಮೇಲೆ ಕಂಬಳಿ ಹೊಲಿದು ಬೆಂಚು ಮಾಡಿದ್ದರು. ಮೂವತ್ತು ವರ್ಷಕ್ಕೂ ಮಿಕ್ಕಿ ನೆನೆಸಿಕೊಂಡ ಸೀಟಿನ ಮೇಲೆ ಕೂತು ಮಜ್ಜಿಗೆ ಕುಡಿದು ಎದ್ದಿದ್ದೆ, ಒಂದಿಷ್ಟೂ ಗೊತ್ತಾಗದೆ. (ತರ್ಕಶಾಸ್ತ್ರದ ಮೇಷ್ಟರ ಬೆನ್ನು, ತೊಡೆಗಳಿಗೂ ನೆನಪಿಲ್ಲ ಎಂದಾಯಿತು.)

ಕಂಬಳಿ ಬಿಚ್ಚಬಹುದೇ ಎಂದು ಕೇಳಿದೆ.

‘ಬಿಚ್ರಿ. ಆದ್ರೆ ಸೀಟು ಮಾತ್ರ ಕೊಡಾಕಿಲ್ಲ. ನಾ ಹುಟ್ಟಿದ್ದೇ ಇದರ ಮ್ಯಾಲೆ. ಆಸ್ಪತ್ರೆ ಇನ್ನೂ ದೂರ ಇತ್ತಂತೆ, ನಂಗೆ ತಡೀಲಿಲ್ಲ.’

‘ನಿಮಗದು ಹೇಗೆ ಗೊತ್ತು?’

‘ಹುಟ್ಟಿದ್ದು ಯಾರಿಗೆ ನೆಪ್ಪಿರ್ತೈತೆ ಮೇಷ್ಟ್ರೇ? ಅವ್ವ ಹೇಳಿದ್ದು.’

ನೋಡಿ ಎಂಥ ಪುಣ್ಯಾತ್ಮ! ಆತನಿಗೆ ನೆನಪೇ ಇಲ್ಲ, ಅನುಮಾನವೂ ಇಲ್ಲ. ನನಗೆ ಎಲ್ಲ ನೆನಪಿದೆ, ಯಾವುದರ ಮೇಲೂ ನಂಬಿಕೆಯಿಲ್ಲ. ಇಬ್ಬರಲ್ಲಿ ಓದಿ ಕೆಟ್ಟವರು ಯಾರು?

ಬ್ಲೇಡು ತಂದುಕೊಟ್ಟರು. ಹೊಲಿಗೆ ಬಿಚ್ಚಿದೆ. ಕಂಬಳಿಯ ಕೆಳಗೆ ಸೀಳಿದ ಚರ್ಮ, ಹೊರಬಂದ ತೆಂಗಿನ ನಾರು. ತೂತು ಇತ್ತು.

ನಾಲ್ಕು ತೂತು.

ಬೆರಳು ಹಾಕಿ ನೋಡಿದೆ. ನಾಲ್ಕಕ್ಕೂ ಹಿಡಿಸುತ್ತದೆ.

‘ಇಷ್ಟು ದೂರ ಬಂದೀರಿ. ನಾಲ್ಕರಾಗೆ ಒಂದು ನಿಮ್ದು ಅಂತ ಆರಿಸ್ಕಳ್ರಿ’ ಎಂದರು ತಿಪ್ಪೇಸ್ವಾಮಿ. ಬಾಷಾ ಸಾಬರು ಮುಖ ಆಚೆ ತಿರುಗಿಸಿ ನಕ್ಕರು.

ಬಾಗಿಲ ಬಳಿ ಶೇಂಗಾ ಸುಲಿಯುತ್ತಿದ್ದ ತಿಪ್ಪೇಸ್ವಾಮಿಯವರ ಅವ್ವ ಅಷ್ಟು ಹೊತ್ತಿಗೆ ಬಾಯಿ ಬಿಟ್ಟಳು. ‘ಏನ್ ಹುಡುಕ್ತಾನ್ಲಾ ಈಯಪ್ಪ?’

‘ಚಿಕ್ಕೋನಿದ್ದಾಗ ಡಾಕ್ಟರ ಕಾರಾಗೆ ಅವರವ್ವನ ಜೊತೆ ಹೋಗಿದ್ರಂತೆ. ಕಾರು ಹಸಿರಂತೆ.’

ಇಲ್ಲಿನ ಮೇಷ್ಟರ ಹೆಂಡತಿ, ಸಣ್ಣಗೆ ಇದ್ದರು, ಮೂಗುಬೊಟ್ಟು ಹಾಕುತ್ತಿದ್ದರು ಎಂದು ನಾನೇ ಮುಂದೆ ಹೋಗಿ ಹೇಳಿದೆ. ಆಕೆಗೆ ನೆನಪಿರಬಹುದೇ?

ಅಜ್ಜಿ ಯೋಚಿಸಿದಳು. ‘ನೆಪ್ಪಿಲ್ಲಪ್ಪ. ಎಷ್ಟೋ ಜನ ಮೇಷ್ಟ್ರು ಬಂದ್ರು, ಹೋದ್ರು.’ ಮತ್ತೆ ಎರಡು ಕಾಯಿ ಸುಲಿದಳು. ‘ಕಾರು ಕರೀದೇ. ಆದ್ರೆ ನೀನು ಒಳಗೆ ಮಲಗಿದ್ದೆ ಅಂತೀಯಲ್ಲ, ಹೊರಗಿನ ಬಣ್ಣ ನಿಂಗೆಂಗೆ ಕಂಡೀತು?’

ನಾನು ಆಕೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆ.

‘ಹೆಣ್ಮಕ್ಕಳು ಕುಂತ್ರೆ ಎಲ್ಡೂ ಕಡೆ ಸೀರೆ ಕಟ್ತಿದ್ವಿ. ಪಕ್ಕಕ್ಕೆ ಗ್ಲಾಸ್ ಇರ್ಲಿಲ್ಲ ನೋಡು. ಧೂಳು. ಅದೂ ಅಲ್ದೆ, ದಾರಿಲಿರೋ ಗಂಡಸ್ರೆಲ್ಲ ಬಗ್ಗಿ ಬಗ್ಗಿ ನೋಡೋರು.’

ಸೀರೆ. ಸೀರೆಯ ಮೂಲಕ ಬಂದ ಬಿಸಿಲು. ಅದರ ಕೆಳಗೆ ಜ್ವರದ ಹುಡುಗ, ಮೇಲೆ ಒಂದು ಮುಖ.

‘ಯಾವ ಬಣ್ಣದ ಸೀರೆ ಕಟ್ಟುತ್ತಿದ್ದಿರಿ ಅಜ್ಜಿ?’

ಹಸಿರು ಎನ್ನಲಿ ಎಂದು ಎಷ್ಟು ಆಸೆಪಟ್ಟೆ ಎಂಬುದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

‘ಯಾವುದು ಸಿಕ್ತೋ ಅದು’ ಎಂದು ಅಜ್ಜಿ ಮತ್ತೆ ಶೇಂಗಾಕ್ಕೆ ಕೈ ಹಾಕಿದಳು.

ಹೀಗೆ ಸಾಕ್ಷ್ಯ ಸಿಗಲಿಲ್ಲ. ಆದರೆ ಕಾರು ಕಪ್ಪಾದದ್ದರಿಂದಲೇ ನನ್ನ ನೆನಪು ಸುಳ್ಳು ಎನ್ನುವುದು ತರ್ಕವಲ್ಲ ಎಂದಾಯಿತು. ಇಷ್ಟು ಸರಳವಾದ ಸಂಗತಿ ಎಂ.ಎ. ಮಾಡಿದವನಿಗೆ ಹೊಳೆಯದೆ, ಶೇಂಗಾ ಸುಲಿಯುವ ಅಜ್ಜಿಗೆ ಹೊಳೆಯಿತಲ್ಲ. ವಸ್ತುವಿನ ಬಣ್ಣವನ್ನು ಕಾರ್ಡು ಬಂದಾಗಿನಿಂದ ವಿಚಾರಿಸಿದವನು, ನೋಡಿದವನು ಎಲ್ಲಿದ್ದ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಊಟವಾಯಿತು. ಮುದ್ದೆ, ಹುರುಳಿ ಸಾರು. ಬಾಷಾ ಸಾಬರು ಮತ್ತೆ ಹ್ಯಾಂಡಲ್ ಹಾಕಿ ಮೈಭಾರ ಬಿಟ್ಟರು. ಇಲ್ಲ. ನಾನೂ ಕೈ ಕೂಡಿಸಿದೆ. ಇಲ್ಲ. ತಿಪ್ಪೇಸ್ವಾಮಿ ಪಂಚೆ ಎತ್ತಿ ಕಟ್ಟಿ ಬಂದರು. ಮೂವರೂ ಒಟ್ಟಿಗೆ ಒತ್ತಿದೆವು. ಒಳಗೆಲ್ಲೋ ‘ಕರಕ್’ ಎಂದಿತು. ಹ್ಯಾಂಡಲ್ ಒಂದು ಗೇಣು ಸರಿಯಿತು. ಕೋಳಿ ಕೂಗುತ್ತ ಕೆಳಗೆ ಹಾರಿತು.

‘ಸತ್ತಿಲ್ಲ ಸಾರ್!’ ಬಾಷಾ ಸಾಬರ ಮುಖ ನೋಡಬೇಕಿತ್ತು. ಬೆಳಿಗ್ಗೆ ಅಡ್ರೆಸ್ಸು ಎಂದವರು ಈಗ ಬೆರಳು ಮಡಚಿ ಎಣಿಸತೊಡಗಿದರು. ರೇಡಿಯೇಟರು, ಹಿಂದಿನ ಚಕ್ರಗಳು ಹೊಳಲ್ಕೆರೆಯ ಗುಜರಿಯಲ್ಲಿ ಸಿಗಬಹುದು. ಗಾಜಿಗೆ ಹೊಸದುರ್ಗದಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರ ಮುರುಕಲು ಕಾರಿದೆ. ಟಾಪಿಗೆ ದುರ್ಗದ ಟೆಂಟ್ ಹೊಲಿಯುವವರು ಇದ್ದಾರೆ.

ಕೊಳ್ಳುತ್ತೇನೆ ಎಂದೆ. (ಎಷ್ಟಕ್ಕೆ ಎಂದು ಇಲ್ಲಿ ಬರೆಯುವುದಿಲ್ಲ. ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ.)

‘ಸೀಟು?’ ಎಂದು ಕೊನೆಯ ಸಲ ಕೇಳಿದೆ.

‘ಓಡದ ಕಾರಿಗೆ ಸೀಟು ಯಾಕೆ ಮೇಷ್ಟ್ರೇ? ಓಡಿಸ್ಕೊಂಡು ಬರ್ರಿ. ನಾನೇ ಕೈಯಾರೆ ಹಾಕಿ ಕೊಡ್ತೀನಿ. ಆದ್ರೆ ಮೊದಲನೇ ಸಲ ನಮ್ಮವ್ವ ಕೂರಬೇಕು, ಹಿರಿಯೂರು ತನಕ.’

ಇದಕ್ಕಿಂತ ಕಷ್ಟದ ಷರತ್ತು ಯಾವ ವ್ಯಾಪಾರದಲ್ಲೂ ನಾನು ಕೇಳಿಲ್ಲ. ಅಜ್ಜಿಗೆ ಎಪ್ಪತ್ತು ದಾಟಿದೆ. ನಿಧಾನ ಮಾಡುವಂತಿಲ್ಲ. ಸಂಬಳದಲ್ಲಿ ಎಷ್ಟು ಹೋಗುತ್ತದೋ ಹೋಗಲಿ, ಪೆಟ್ರೋಲು ಎಷ್ಟು ತುಟ್ಟಿಯಾಗುತ್ತದೋ ಆಗಲಿ, ಬೇಸಿಗೆ ರಜೆಯೊಳಗೆ ಆ ಕಾರು ಓಡಲೇಬೇಕು. ಓಡುತ್ತದೆ.

ಮನೆಗೆ ಬಂದಾಗ ಸರೋಜ ಏನೂ ಕೇಳದೆ ಆ ಕವರನ್ನು ತಂದು ಮುಂದಿಟ್ಟಳು. ಒಡೆದು ಓದಿದೆ. ಮೊದಲ ಸಾಲಿನಲ್ಲಿ ನಾನೇ ಬರೆದಿದ್ದೆ: ‘ಎಲ್ಲ ಹಸಿರಾಗಿತ್ತು.’ ಕಾರು ಹಸಿರಾಗಿತ್ತು ಎಂದಲ್ಲ. ‘ಎಲ್ಲ.’ ಅಂಕಣ ಬರೆಯುವಾಗ ಅದನ್ನು ಕಾರಿಗೆ ಮೆತ್ತಿದವನೂ ನಾನೇ, ಕಾರು ಕಪ್ಪು ಎಂದಾಗ ಹೌಹಾರಿದವನೂ ನಾನೇ.

ಬಾಷಾ ಸಾಬರು ನಿನ್ನೆ ಪೇಂಟಿನ ವಿಷಯ ಕೇಳಿದರು. ಕಪ್ಪು ಎಂದಿದ್ದೇನೆ. ಅದರಲ್ಲಿ ತಕರಾರಿಲ್ಲ.

ಆದರೆ ತಿಪ್ಪೇಸ್ವಾಮಿಯವರ ನಂತರ ಇನ್ನೂ ಆರು ಮಂದಿ ಓದುಗರು ‘ಡಾಕ್ಟರ ಕಾರು ಕಪ್ಪು’ ಎಂದು ನನ್ನನ್ನು ತಿದ್ದಿ ಕಾರ್ಡು ಹಾಕಿದ್ದೀರಿ. ಉಪಕಾರವಾಯಿತು. ಒಂದೇ ಒಂದು ಮಾತು ಕೇಳುತ್ತೇನೆ: ನಿಮ್ಮಲ್ಲಿ ಯಾರಾದರೂ ಅದರೊಳಗೆ ಮಲಗಿದ್ದಿರಾ?