ಬಾವುಟ ಏರಿಸುವ ಅಣ್ಣ

ನಾಲ್ಕು ಜನರ ಮುಂದೆ ಅಣ್ಣನನ್ನು 'ನೀನು' ಎನ್ನಬೇಕಿತ್ತು. ಅನ್ನಲಿಲ್ಲ, 'ನೀವು' ಎಂದೆ. ಮರ್ಯಾದೆ ಕೊಟ್ಟೇ ಒಬ್ಬರನ್ನು ದೂರ ತಳ್ಳಬಹುದು ಎಂಬುದು ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಗೊತ್ತಿತ್ತು.

ನಮ್ಮಣ್ಣ ಮಾದೇವ ದಾರಿಯಲ್ಲಿ ನಡೆಯುವಾಗಲೂ ಕತ್ತೆತ್ತಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಿದ್ದ. ಅದು ಕೆಲಸದಿಂದ ಬಂದ ಅಭ್ಯಾಸ. ಹಡಗಿನಲ್ಲಿ ಅಡುಗೆಗೆ ಹೋದವನು ಕೆರಿಬಿಯನ್ ಕಡಲಿನ ಕ್ಯುರಸಾವ್ ದ್ವೀಪದಲ್ಲಿ ಇಳಿದು, ಅಲ್ಲಿ ಯಾವುದೋ ಸಣ್ಣ ದೇಶದ ಕಾನ್ಸುಲೇಟಿಗೆ ಸೇರಿಕೊಂಡ. ಕಾನ್ಸಲ್ ಸಾಹೇಬರದು ಸಂಬಳವಿಲ್ಲದ ಗೌರವ ಹುದ್ದೆ. ಕೆಳಗಿನ ಅಂಗಡಿಯಲ್ಲಿ ಫ್ರಿಜ್ ಮಾರುತ್ತಿದ್ದರು, ಮಹಡಿಯಲ್ಲಿ ದೇಶವನ್ನು ಪ್ರತಿನಿಧಿಸುತ್ತಿದ್ದರು. ಅಣ್ಣ ಬಾಗಿಲು ತೆಗೆದು, ಬಾವುಟ ಏರಿಸಿ, ಬಂದವರಿಗೆ ಕಾಫಿ ಕೊಡುತ್ತಿದ್ದ.

ಒಮ್ಮೆ ಫೋನಿನಲ್ಲಿ, "ಇವತ್ತು ಆಫೀಸ್ ಇಲ್ವೇನೋ?" ಎಂದೆ.

"ಇಲ್ಲ ಕಣೆ. ಬಾವುಟ ಕೊಳೆಯಾಗಿತ್ತು, ದೇಶನ ಒಗೆಯಕ್ಕೆ ಕೊಟ್ಟಿವ್ನಿ."

ಆ ದ್ವೀಪ ಡಚ್ಚರದೋ, ಬೇರೆ ದೇಶವೋ ಎಂದು ಕೇಳಿದರೆ ಅವನ ಉತ್ತರ ಸಿದ್ಧವಾಗಿತ್ತು. "ಬೇರೆ ಒಲೆ ಹೂಡಿರೋ ಸೊಸೆ ಕಣೆ ಅದು. ಸಾರು ಅವಳದೇ, ಉಪ್ಪೂ ಅವಳದೇ. ಊರವರ ಜೊತೆ ಮಾತುಕತೆ ಮಾತ್ರ ಅತ್ತೆದು. ಅದಕ್ಕೇ ರಾಯಭಾರಿಗಳೆಲ್ಲ ಅತ್ತೆ ಮನೇಲಿ, ಡಚ್ಚರ ಹೇಗ್ ಪಟ್ಟಣದಲ್ಲಿ ಕೂತವ್ರೆ. ಸೊಸೆ ಜಗಲಿ ಮೇಲೆ ನಮ್ಮಂಥವರು."

ನನ್ನ ಗಂಡ ಇಂಜಿನಿಯರು. ನೆದರ್ಲೆಂಡ್ಸಿನ ಆಲ್ಮೆರೆಯ ನಮ್ಮ ಮನೆಗೆ ಬರುವವರೆಲ್ಲ ಓದಿದವರು. ಮಗಳ ಹುಟ್ಟುಹಬ್ಬಕ್ಕೆ ಅಣ್ಣ ರಜೆ ಹಾಕಿ ಬಂದಿದ್ದಾಗ, ಎದುರುಮನೆಯ ಸಂಧ್ಯಾ, "ನಿಮ್ಮಣ್ಣ ಏನ್ಮಾಡ್ತಾರೆ?" ಎಂದು ಕೇಳಿದರು.

"ಕಾನ್ಸುಲೇಟಲ್ಲಿದ್ದಾರೆ. ಡಿಪ್ಲೊಮ್ಯಾಟ್" ಎಂದೆ. ಹೇಳಿದ ಮೇಲೆ ಅದಕ್ಕೆ ತಕ್ಕಂತೆ ನಡೆಯಬೇಕಲ್ಲ. ಅಣ್ಣನ ಕಡೆ ತಿರುಗಿ, "ನೀವು ಕೇಕ್ ತಗೊಳ್ಳಿ" ಎಂದೆ. ಮಾತು ಕಲಿತಾಗಿನಿಂದ ಅವನಿಗೆ "ತಿನ್ನೋ" ಎಂದವಳು ನಾನು.

ಅಣ್ಣ ಕೇಕ್ ನೋಡಿದ. ನನ್ನನ್ನು ನೋಡಿದ.

"ಯಾವ ಸೆಕ್ಷನ್ ಸರ್?" ಎಂದರು ಸಂಧ್ಯಾ.

"ಬಾವುಟದ್ದು, ಮೇಡಂ."

"ಓ, ಪ್ರೋಟೋಕಾಲ್!"

"ಹಂಗೂ ಅಂತಾರೆ."

ಆ ಸಂಜೆ ಅವನು ಒಂದು ಸುಳ್ಳನ್ನೂ ಹೇಳಲಿಲ್ಲ. ನಾನು ಹೇಳಿದ್ದನ್ನು ಬೀಳದಂತೆ ಹಿಡಿದುಕೊಂಡ, ಅಷ್ಟೆ. ಎಲ್ಲರೂ ಹೋದ ಮೇಲೆ ತಟ್ಟೆ ತೊಳೆಯುತ್ತ, "ನೀವು ಮನಿಕ್ಕೊಳ್ಳಿ, ಸುಸ್ತಾಗಿದ್ದೀರಿ" ಎಂದ. ತಮಾಷೆ ಎಂದುಕೊಂಡೆ. ಬೆಳಗಾದರೂ 'ನೀವು' ಹೋಗಲಿಲ್ಲ.

"ಯಾಕೋ ಹಿಂಗಂತೀಯ?"

"ದೇಶ ದೇಶದ ನಡುವೆ ಹಿಂಗೇ ಮಾತಾಡದು."

ದ್ವೀಪಕ್ಕೆ ಮರಳಿದ ಮೇಲೂ ಫೋನಿನಲ್ಲಿ ಅದೇ: "ನೀವು ಚೆಂದಾಗಿದ್ದೀರಾ?" ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಈ ಚಳಿಗಾಲ ಕಾನ್ಸಲ್ ಸಾಹೇಬರು ವಯಸ್ಸಾಯಿತೆಂದು ಅಂಗಡಿ ಮುಚ್ಚಿದರು. ಜೊತೆಗೆ ದೇಶವೂ ಮುಚ್ಚಿತು. ನಮ್ಮೂರಾದ ಮಂಡ್ಯಕ್ಕೆ ಶಾಶ್ವತವಾಗಿ ಹೊರಟ ಅಣ್ಣ ದಾರಿಯಲ್ಲಿ ನಮ್ಮಲ್ಲಿ ಉಳಿದು, ಇಲ್ಲಿನ ಗಾಳಿಗೆ ಬಾವುಟ ತಡೆಯುವುದಿಲ್ಲ ಎಂದು ತೀರ್ಪು ಕೊಟ್ಟ. ಸ್ಟೇಷನ್ನಿನವರೆಗೆ ಬಿಡಲು ಹೋದೆ. ಪ್ಲಾಟ್‌ಫಾರ್ಮಿನಲ್ಲಿ, ಕೆಲಸಕ್ಕೆ ಹೊರಟಿದ್ದ ಸಂಧ್ಯಾ ಸಿಕ್ಕರು.

"ಏನ್ ಸರ್, ಹೊಸ ಪೋಸ್ಟಿಂಗಾ?"

ಅಣ್ಣ ಉತ್ತರ ನನ್ನದೆಂಬಂತೆ ನನ್ನ ಕಡೆ ನೋಡಿದ. ರೈಲು ಬರುತ್ತಿತ್ತು.

"ಸಂಧ್ಯಾ ಅವರೇ, ಇವನು ಡಿಪ್ಲೊಮ್ಯಾಟ್ ಅಲ್ಲ. ಕಾನ್ಸುಲೇಟಲ್ಲಿ ಬಾಗಿಲು ತೆಗೀತಿದ್ದ, ಬಾವುಟ ಏರಿಸ್ತಿದ್ದ, ಕಾಫಿ ಕೊಡ್ತಿದ್ದ. ಹೇಳಕ್ಕೆ ನಾನೇ ನಾಚ್ಕೊಂಡೆ."

ಆಮೇಲೆ ಅವನ ಕಡೆ ತಿರುಗಿದೆ.

"ನಿನ್ನ ನೀವು ಅಂದ್ಬಿಟ್ನಲ್ಲೋ ಅಣ್ಣ. ತಪ್ಪಾಯ್ತು ಕಣೋ."